ಸುದ್ದಿ ತಲುಪಿಸುವ ಎರಡು ದಾರಿಗಳು: ನರ ಮತ್ತು ಹಾರ್ಮೋನು



ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ, ಆಂಧ್ರಪ್ರದೇಶದ ಗಡಿಗೆ ಹತ್ತಿರವಿರುವ ಊರು. ತುಂಗಭದ್ರಾ ಕಾಲುವೆಯ ನೀರು ಹರಿದಂದಿನಿಂದ ಸಿರುಗುಪ್ಪದ ಸೀಮೆ ಭತ್ತಕ್ಕೆ ಹೆಸರಾಗಿದೆ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಥ ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಡೆಯುತ್ತಿರುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಅವನ ಬರಿಗಾಲಿಗೆ ಜಾಲಿಮುಳ್ಳು ಚುಚ್ಚುತ್ತದೆ. "ಅಯ್ಯೋ" ಎನ್ನುವ ಮೊದಲೇ ಕಾಲು ಮೇಲಕ್ಕೆದ್ದಿರುತ್ತದೆ. ಇದೇ ಹುಡುಗನ ತುಟಿಯ ಮೇಲೆ ಈ ವರ್ಷ ತೆಳುವಾಗಿ ಮೀಸೆ ಮೂಡಿದೆ, ದನಿ ಒಡೆದಿದೆ. ಕಾಲೆತ್ತುವ ಕೆಲಸ ಒಂದು ಸೆಕೆಂಡಿನೊಳಗೆ ಮುಗಿಯಿತು. ಮೀಸೆ ಮೂಡುವ ಕೆಲಸಕ್ಕೆ ವರ್ಷಗಳೇ ಹಿಡಿದವು. ಎರಡೂ ದೇಹದೊಳಗಿನ ಆಜ್ಞೆಯಂತೆ ನಡೆದ ಕೆಲಸಗಳೇ. ಮೊದಲ ಆಜ್ಞೆ ನರದ ಮೂಲಕ ಬಂತು. ಎರಡನೆಯದು ಹಾರ್ಮೋನಿನ ರೂಪದಲ್ಲಿ ರಕ್ತದ ಮೂಲಕ ಬಂತು.

ಈ ಎರಡು ವ್ಯವಸ್ಥೆಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಒಂದನ್ನೊಂದು ಕೂಡುತ್ತವೆ, ಕೆಟ್ಟಾಗ ಏನಾಗುತ್ತದೆ ಎಂಬುದು ಇಂದಿನ ವಿಷಯ. ಪರೀಕ್ಷೆಯಲ್ಲಿ ಈ ಪಾಠಕ್ಕೆ ಅಂಕಗಳಿವೆ. ಹೊಲದಲ್ಲಿ ದುಡಿಯುವವರ ಮನೆಯಲ್ಲಿ ಇದನ್ನು ತಿಳಿದವರಿಂದ ಒಂದು ಜೀವವೂ ಉಳಿಯಬಹುದು.

ನರದ ದಾರಿ

ಮುಳ್ಳು ಚುಚ್ಚಿದ ಸುದ್ದಿ ಅಂಗಾಲಿನ ಚರ್ಮದಲ್ಲಿರುವ ನರದ ತುದಿಯಿಂದ ಹೊರಡುತ್ತದೆ. ಸಂವೇದನಾ ನರ ಅದನ್ನು ಬೆನ್ನುಮೂಳೆಯೊಳಗಿರುವ ಮೆದುಳು ಬಳ್ಳಿಗೆ ಒಯ್ಯುತ್ತದೆ. ಅಲ್ಲಿ ಮತ್ತೊಂದು ನರಕೋಶ ಸುದ್ದಿಯನ್ನು ಪಡೆದು ಚಾಲಕ ನರಕ್ಕೆ ದಾಟಿಸುತ್ತದೆ. ಚಾಲಕ ನರ ತೊಡೆಯ ಸ್ನಾಯುವಿಗೆ "ಮಡಿಸು" ಎನ್ನುತ್ತದೆ. ಕಾಲು ಮೇಲಕ್ಕೆ ಬರುತ್ತದೆ. ಇದೇ ಪರಾವರ್ತಿತ ಪ್ರತಿಕ್ರಿಯೆ. ಮೆದುಳಿನ ಅಪ್ಪಣೆಗಾಗಿ ಇಲ್ಲಿ ಯಾರೂ ಕಾಯಲಿಲ್ಲ. ನೋವಿನ ಸುದ್ದಿ ಮೆದುಳಿಗೆ ತಲುಪುವುದು ಆಮೇಲೆ. ಆಗಲೇ ಹುಡುಗ "ಅಯ್ಯೋ" ಎನ್ನುತ್ತಾನೆ.

ನರವ್ಯೂಹದ ಮೂಲ ಘಟಕ ನರಕೋಶ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು ಅಂದಾಜು. ಪ್ರತಿ ನರಕೋಶಕ್ಕೂ ಸುದ್ದಿ ತರುವ ಕವಲುಗಳುಂಟು, ಅವು ಡೆಂಡ್ರೈಟುಗಳು. ಸುದ್ದಿ ಒಯ್ಯುವ ಒಂದು ಉದ್ದನೆಯ ಎಳೆಯುಂಟು, ಅದು ಆಕ್ಸಾನ್. ಸೊಂಟದ ಹತ್ತಿರದಿಂದ ಹೊರಟು ಕಾಲ್ಬೆರಳಿನ ತನಕ ಚಾಚುವ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಮೆದುಳಿನಿಂದ 12 ಜೊತೆ ನರಗಳೂ ಮೆದುಳು ಬಳ್ಳಿಯಿಂದ 31 ಜೊತೆ ನರಗಳೂ ಹೊರಟು ಇಡೀ ದೇಹವನ್ನು ಹೆಣೆದಿವೆ.

ನರದಲ್ಲಿ ಹರಿಯುವುದು ವಿದ್ಯುತ್ ಸಂಕೇತ. ಆದರೆ ಮನೆಯ ತಂತಿಯಲ್ಲಿ ಹರಿಯುವ ವಿದ್ಯುತ್ತಿಗೂ ಇದಕ್ಕೂ ವ್ಯತ್ಯಾಸವಿದೆ. ನರಕೋಶದ ಪೊರೆಯ ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ವಿಶ್ರಾಂತಿಯಲ್ಲಿ ಒಳಭಾಗ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ ವಿದ್ಯುದಂಶ ಹೊಂದಿರುತ್ತದೆ. ಸುದ್ದಿ ಬಂದಾಗ ಪೊರೆಯ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಪಕ್ಕದ ಬಾಗಿಲೂ ತೆರೆಯುತ್ತದೆ, ಅದರ ಪಕ್ಕದ್ದೂ ತೆರೆಯುತ್ತದೆ. ಹೀಗೆ ಸಂಕೇತ ಅಲೆಯಂತೆ ಸಾಗುತ್ತದೆ. ಕೊಬ್ಬಿನ ಹೊದಿಕೆಯುಳ್ಳ ದಪ್ಪ ನರಗಳಲ್ಲಿ ಇದರ ವೇಗ ಸೆಕೆಂಡಿಗೆ ನೂರು ಮೀಟರ್ ಮುಟ್ಟುತ್ತದೆ. ಹೊದಿಕೆಯಿಲ್ಲದ ತೆಳು ನರಗಳಲ್ಲಿ ಅದು ಸೆಕೆಂಡಿಗೆ ಸುಮಾರು ಒಂದು ಮೀಟರ್. ಎಡವಿದಾಗ ಮೊದಲು ಚುರುಕಾದ ನೋವು, ಸ್ವಲ್ಪ ತಡೆದು ಮಂದವಾದ ಉರಿ ಬರುವುದು ಈ ಕಾರಣಕ್ಕೇ.

ಒಂದು ನರಕೋಶ ಇನ್ನೊಂದಕ್ಕೆ ಅಂಟಿಕೊಂಡಿರುವುದಿಲ್ಲ. ನಡುವೆ ಮಿಲಿಮೀಟರಿನ ಲಕ್ಷದ ಎರಡು ಭಾಗದಷ್ಟು ಕಿರಿದಾದ ಸಂದು ಇರುತ್ತದೆ. ಈ ಸಂಗಮಕ್ಕೆ ಸೈನಾಪ್ಸ್ ಎಂದು ಹೆಸರು. ಸುದ್ದಿ ಈ ಸಂದನ್ನು ದಾಟುವುದು ಹೇಗೆ? 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯಗಳನ್ನು ದ್ರವದಲ್ಲಿಟ್ಟು ಪ್ರಯೋಗ ಮಾಡಿದರು. ಒಂದು ಹೃದಯದ ವೇಗಸ್ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದ ಸುತ್ತಲಿನ ದ್ರವವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದರು. ಯಾವ ನರವನ್ನೂ ಮುಟ್ಟದೆ ಅದರ ಬಡಿತವೂ ನಿಧಾನವಾಯಿತು! ನರದ ತುದಿಯಿಂದ ಒಂದು ರಾಸಾಯನಿಕ ಹೊರಬಂದಿದೆ ಎಂಬುದು ಇದರಿಂದ ಸಿದ್ಧವಾಯಿತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ಈ ಶೋಧಕ್ಕಾಗಿ ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ 1936ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಹೊಲದಲ್ಲಿ ಎದುರಾಗುವ ಎರಡು ವಿಷಗಳು

ಅಸಿಟೈಲ್‌ಕೋಲಿನ್ ಸಂದಿಗೆ ಬಂದು ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ ಕೂಡಿಕೊಂಡರೆ ಸ್ನಾಯು ಸಂಕುಚಿಸುತ್ತದೆ. ಕೆಲಸ ಮುಗಿದ ತಕ್ಷಣ ಅದನ್ನು ಒಡೆದುಹಾಕುವ ಒಂದು ಕಿಣ್ವ ಅಲ್ಲಿಯೇ ಕಾದಿರುತ್ತದೆ. ಸುದ್ದಿ ತಲುಪಬೇಕು, ತಲುಪಿದ ಮೇಲೆ ನಿಲ್ಲಲೂ ಬೇಕು. ಇವೆರಡರಲ್ಲಿ ಯಾವುದು ತಪ್ಪಿದರೂ ಅಪಾಯ.

ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಗಳಿಗೆ ಸಿಂಪಡಿಸುತ್ತ ಬಂದ ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಮುಂತಾದವು ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು. ಇವು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಕೀಟದ ನರಕ್ಕೂ ಮನುಷ್ಯನ ನರಕ್ಕೂ ಈ ಕಿಣ್ವ ಬೇಕು. ಆದ್ದರಿಂದ ಕೀಟವನ್ನು ಕೊಲ್ಲುವ ಔಷಧಿ ಸಿಂಪಡಿಸುವವನನ್ನೂ ಕಾಡುತ್ತದೆ. ಬಾಯಿ ಕಟ್ಟಿಕೊಳ್ಳದೆ, ಗಾಳಿಗೆ ಎದುರಾಗಿ ನಿಂತು, ಬರಿಮೈಯಲ್ಲಿ ಸಿಂಪಡಿಸಿದಾಗ ವಿಷ ಉಸಿರಿನಿಂದಲೂ ಚರ್ಮದಿಂದಲೂ ಒಳಸೇರುತ್ತದೆ. ಆಗ ಸಂದುಗಳಲ್ಲಿ ಅಸಿಟೈಲ್‌ಕೋಲಿನ್ ಒಡೆಯದೆ ತುಂಬಿಕೊಳ್ಳುತ್ತದೆ. ನಿಲ್ಲಬೇಕಾದ ಆಜ್ಞೆ ನಿಲ್ಲುವುದೇ ಇಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಜೊಲ್ಲು, ಕಣ್ಣೀರು, ಬೆವರು ಹರಿಯುತ್ತವೆ. ವಾಂತಿಯಾಗುತ್ತದೆ, ಸ್ನಾಯುಗಳು ಅದುರುತ್ತವೆ. ಕೊನೆಗೆ ಶ್ವಾಸನಾಳದಲ್ಲಿ ದ್ರವ ತುಂಬಿ ಉಸಿರಾಟವೇ ನಿಲ್ಲಬಹುದು.

ಇಂಥ ಲಕ್ಷಣ ಕಂಡಾಗ ವಿಷ ತಗುಲಿದ ಬಟ್ಟೆಯನ್ನು ಕೂಡಲೇ ತೆಗೆಯಬೇಕು. ಮೈಯನ್ನು ಸಾಬೂನು ಹಾಕಿ ಧಾರಾಳ ನೀರಿನಿಂದ ತೊಳೆಯಬೇಕು. ತೊಳೆಯುವವರು ತಮ್ಮ ಕೈಗೆ ವಿಷ ತಾಗದಂತೆ ನೋಡಿಕೊಳ್ಳಬೇಕು. ಒತ್ತಾಯದಿಂದ ವಾಂತಿ ಮಾಡಿಸಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಔಷಧಿಯ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು, ಏಕೆಂದರೆ ಯಾವ ಗುಂಪಿನ ವಿಷವೆಂದು ವೈದ್ಯರಿಗೆ ತಿಳಿಯುವುದು ಅದರಿಂದಲೇ. ಆಸ್ಪತ್ರೆಯಲ್ಲಿ ಕೊಡುವ ಅಟ್ರೊಪಿನ್ ಕೆಲವು ಗ್ರಾಹಕಗಳನ್ನು ಮುಚ್ಚಿ ಆ ಅತಿಯಾದ ಆಜ್ಞೆ ತಾಗದಂತೆ ಮಾಡುತ್ತದೆ.

ಇದಕ್ಕೆ ತೀರ ವಿರುದ್ಧವಾದದ್ದು ನಾಗರಹಾವಿನ ವಿಷ. ಭತ್ತದ ಗದ್ದೆಗೆ ಇಲಿ ಬರುತ್ತದೆ, ಇಲಿಯನ್ನು ಹುಡುಕಿಕೊಂಡು ಹಾವು ಬರುತ್ತದೆ. ನಾಗರಹಾವಿನ ವಿಷ ಸ್ನಾಯುವಿನ ಗ್ರಾಹಕಗಳನ್ನು ಆಕ್ರಮಿಸಿಕೊಂಡು ಕೂರುತ್ತದೆ. ಅಸಿಟೈಲ್‌ಕೋಲಿನ್ ಬಂದರೂ ಅದಕ್ಕೆ ಜಾಗವಿಲ್ಲ. ಕಟ್ಟುಹಾವಿನ ವಿಷ ಇನ್ನೂ ಹಿಂದೆ ಹೋಗಿ ನರದ ತುದಿಯನ್ನೇ ಹಾಳುಮಾಡುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಅದು ಕಚ್ಚಿದರೆ ನೋವೇ ಕಾಣದಿರಬಹುದು. ಎರಡರಲ್ಲೂ ಸುದ್ದಿ ತಲುಪುವುದಿಲ್ಲ. ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ, ನುಂಗಲು ಕಷ್ಟವಾಗುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಕಚ್ಚಿದ ಜಾಗವನ್ನು ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸಲು ಕಾಯುವುದು ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ಇಟ್ಟು ಬೇಗನೆ ಆಸ್ಪತ್ರೆ ಸೇರಿಸಿದರೆ ಆಂಟಿವೆನಮ್ ಮತ್ತು ಕೃತಕ ಉಸಿರಾಟದಿಂದ ಜೀವ ಉಳಿಯುತ್ತದೆ.

ರಕ್ತದ ದಾರಿ

ಇಪ್ಪತ್ತನೆಯ ಶತಮಾನ ಹುಟ್ಟುವ ತನಕ ದೇಹದ ಎಲ್ಲ ಹತೋಟಿಯೂ ನರದ್ದೇ ಎಂದು ನಂಬಿದ್ದರು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು ಒಂದು ನಾಯಿಯ ಸಣ್ಣ ಕರುಳಿನ ಭಾಗಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿದರು. ಆ ಕರುಳಿಗೆ ಆಮ್ಲ ಹಾಕಿದರು. ನರವೇ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸವನ್ನು ಸ್ರವಿಸಿತು. ಕರುಳಿನ ಗೋಡೆ ಯಾವುದೋ ವಸ್ತುವನ್ನು ರಕ್ತಕ್ಕೆ ಬಿಟ್ಟಿರಬೇಕು ಎಂದು ಅವರು ತರ್ಕಿಸಿದರು. ಅದಕ್ಕೆ ಸೆಕ್ರೆಟಿನ್ ಎಂದು ಹೆಸರಿಟ್ಟರು. 1905ರಲ್ಲಿ ಇಂಥ ವಸ್ತುಗಳಿಗೆಲ್ಲ ಹಾರ್ಮೋನು ಎಂಬ ಹೆಸರು ಬಂತು. ಚೋದಿಸು ಎಂಬ ಅರ್ಥದ ಗ್ರೀಕ್ ಪದದಿಂದ ಅದು ಹುಟ್ಟಿತು.

ಹಾರ್ಮೋನುಗಳನ್ನು ಸ್ರವಿಸುವ ಗ್ರಂಥಿಗಳಿಗೆ ನಾಳವಿಲ್ಲ. ಅವು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆದ್ದರಿಂದಲೇ ನಿರ್ನಾಳ ಗ್ರಂಥಿಗಳು ಎಂಬ ಹೆಸರು. ರಕ್ತ ಎಲ್ಲ ಕಡೆಗೂ ಹರಿಯುವಾಗ ಹಾರ್ಮೋನು ತನಗೆ ಬೇಕಾದ ಜಾಗದಲ್ಲಿ ಮಾತ್ರ ಕೆಲಸ ಮಾಡುವುದು ಹೇಗೆಂದು ನೀವು ಕೇಳಬಹುದು. ಕಾಲುವೆಯನ್ನೇ ನೆನೆಯಿರಿ. ಕಾಲುವೆಯ ನೀರು ನೂರಾರು ಹೊಲಗಳ ಪಕ್ಕದಲ್ಲಿ ಹರಿಯುತ್ತದೆ. ತೂಬು ಇರುವ ಹೊಲಕ್ಕೆ ಮಾತ್ರ ನುಗ್ಗುತ್ತದೆ. ಜೀವಕೋಶದ ತೂಬೇ ಗ್ರಾಹಕ. ಆ ಹಾರ್ಮೋನಿನ ಗ್ರಾಹಕವಿರುವ ಕೋಶ ಮಾತ್ರ ಅದರ ಮಾತು ಕೇಳುತ್ತದೆ. ನರದ ಸುದ್ದಿ ದೂರವಾಣಿಯಂತೆ ಒಂದೇ ಮನೆಗೆ, ಒಂದೇ ಕ್ಷಣಕ್ಕೆ ಬರುತ್ತದೆ. ಹಾರ್ಮೋನಿನ ಸುದ್ದಿ ಕಾಲುವೆಯ ನೀರಿನಂತೆ ನಿಧಾನವಾಗಿ ಹಲವು ಕಡೆಗೆ ಹೋಗಿ ಬಹುಕಾಲ ನಿಲ್ಲುತ್ತದೆ.

ಕಾಲುವೆಯಲ್ಲಿ ನೀರು ಹೆಚ್ಚಾದರೆ ಗೇಟು ಇಳಿಸುತ್ತಾರೆ, ಕಡಿಮೆಯಾದರೆ ಎತ್ತುತ್ತಾರೆ. ದೇಹದಲ್ಲಿಯೂ ಇದೇ ಏರ್ಪಾಡು. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರಿದರೆ ಮೇದೋಜೀರಕ ಇನ್ಸುಲಿನ್ ಬಿಡುತ್ತದೆ. ಸಕ್ಕರೆ ಸ್ನಾಯು ಮತ್ತು ಯಕೃತ್ತಿಗೆ ಸೇರುತ್ತದೆ. ಸಕ್ಕರೆ ಇಳಿದಾಗ ಇನ್ಸುಲಿನ್ ಕೂಡ ಇಳಿಯುತ್ತದೆ. ಉಪವಾಸದಲ್ಲಿ ಗ್ಲುಕಗಾನ್ ಎಂಬ ಹಾರ್ಮೋನು ಕೂಡಿಟ್ಟ ಸಕ್ಕರೆಯನ್ನು ಹೊರತೆಗೆಯುತ್ತದೆ. ಪರಿಣಾಮವೇ ಕಾರಣವನ್ನು ತಗ್ಗಿಸುವ ಈ ಕ್ರಮಕ್ಕೆ ಋಣಾತ್ಮಕ ಹಿಮ್ಮಾಹಿತಿ ಎನ್ನುತ್ತಾರೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರಿಂದಲೇ ಬಿಡಿಸಿಕೊಳ್ಳುತ್ತದೆ.

ಎರಡು ದಾರಿ ಕೂಡುವ ಸ್ಥಳ

ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಭಾಗವಿದೆ. ತೂಕ ಕೆಲವೇ ಗ್ರಾಂ. ಅದರ ಕೆಳಗೆ ತೊಟ್ಟಿನಿಂದ ಕಾಯಿ ತೂಗಿದಂತೆ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿ ತೂಗಿಕೊಂಡಿದೆ. ನರವ್ಯೂಹ ಮತ್ತು ಹಾರ್ಮೋನು ವ್ಯವಸ್ಥೆ ಮುಖ್ಯವಾಗಿ ಕೈಹಿಡಿಯುವುದು ಇಲ್ಲಿಯೇ.

ಬಳ್ಳಾರಿಯ ಬಿಸಿಲಿಗೆ ಮರಳೋಣ. ಹೊರಗೆ 42 ಡಿಗ್ರಿ ಇದ್ದರೂ ದೇಹದ ಒಳಗೆ ಸುಮಾರು 37 ಡಿಗ್ರಿಯೇ ಇರಬೇಕು. ರಕ್ತ ಬಿಸಿಯಾದುದನ್ನು ಹೈಪೊಥಲಾಮಸ್ ಅರಿತು ನರಗಳ ಮೂಲಕ ಬೆವರಿನ ಗ್ರಂಥಿಗಳಿಗೆ ಆಜ್ಞೆ ಕೊಡುತ್ತದೆ. ಒಂದು ಲೀಟರ್ ಬೆವರು ಆರಿದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಆದರೆ ಬೆವರಿದರೆ ನೀರು ಕಳೆಯುತ್ತದಲ್ಲ? ರಕ್ತ ಗಟ್ಟಿಯಾದುದನ್ನು ಕಂಡ ಅದೇ ಹೈಪೊಥಲಾಮಸ್ ಪಿಟ್ಯುಟರಿಯ ಹಿಂಭಾಗದ ಮೂಲಕ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಮೂತ್ರಪಿಂಡಗಳು ನೀರನ್ನು ಉಳಿಸಿಕೊಳ್ಳುತ್ತವೆ. ಮೂತ್ರ ಕಡಿಮೆಯಾಗಿ ಹಳದಿಗಟ್ಟುತ್ತದೆ, ಬಾಯಾರಿಕೆಯೂ ಆಗುತ್ತದೆ. ಒಂದೇ ಬಿಸಿಲಿಗೆ ನರದ ಉತ್ತರವೂ ಹಾರ್ಮೋನಿನ ಉತ್ತರವೂ ಒಟ್ಟಿಗೆ ಬಂದವು. ನೀರು, ಉಪ್ಪು ಒದಗದೆ ಹೋದರೆ ಈ ಏರ್ಪಾಡು ಸೋಲುತ್ತದೆ. ಒಳಗಿನ ಶಾಖ 40 ಡಿಗ್ರಿ ದಾಟಿ ಮಾತು ತಪ್ಪಿದರೆ ಅದು ಬಿಸಿಲಾಘಾತ. ಆಗ ಮೈಯನ್ನು ನೀರಿನಿಂದ ತಂಪುಮಾಡುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಹರೆಯದ ಆಜ್ಞೆ

ಈಗ ಹುಡುಗನ ಮೀಸೆಗೆ ಬರೋಣ. ಹೈಪೊಥಲಾಮಸ್ಸಿನ ಕೆಲವು ನರಕೋಶಗಳು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಬಾಲ್ಯದಲ್ಲಿ ಈ ಕೋಶಗಳು ಬಹುಮಟ್ಟಿಗೆ ನಿದ್ರಿಸುತ್ತಿರುತ್ತವೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಅವು ಎಚ್ಚರಗೊಳ್ಳುತ್ತವೆ. ಮೊದಮೊದಲು ರಾತ್ರಿ ನಿದ್ರೆಯಲ್ಲಿ, ಆಮೇಲೆ ಹಗಲಿನಲ್ಲಿಯೂ, ಗಂಟೆ ಒಂದೂವರೆ ಗಂಟೆಗೊಮ್ಮೆ ಮಿಡಿದಂತೆ ಆ ಹಾರ್ಮೋನನ್ನು ಬಿಡುತ್ತವೆ. ಅದರ ಕರೆಗೆ ಪಿಟ್ಯುಟರಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಇವೆರಡೂ ಗಂಡಿನಲ್ಲಿಯೂ ಇವೆ, ಹೆಣ್ಣಿನಲ್ಲಿಯೂ ಇವೆ.

ಗಂಡಿನಲ್ಲಿ ಎಲ್‌ಎಚ್ ವೃಷಣಗಳಿಂದ ಟೆಸ್ಟೊಸ್ಟೆರಾನ್ ಬಿಡಿಸುತ್ತದೆ. ಮೀಸೆ, ಒಡೆದ ದನಿ, ಅಗಲವಾದ ಭುಜ ಇದರ ಫಲ. ಎಫ್‌ಎಸ್‌ಎಚ್ ವೀರ್ಯಾಣುಗಳ ಬೆಳವಣಿಗೆಗೆ ನೆರವಾಗುತ್ತದೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಅದಕ್ಕೆ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕಾದುದರಿಂದಲೇ ವೃಷಣಗಳು ಹೊಟ್ಟೆಯ ಹೊರಗೆ ಇವೆ. ಈ ಎರಡು ಹಾರ್ಮೋನುಗಳ ಕೆಲಸವನ್ನು ಬೇರ್ಪಡಿಸಿ ತೋರಿಸಿದ ಸಂಶೋಧನೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್ ಅವರ ತಂಡದ್ದೂ ಒಂದು. ನಮ್ಮ ಊರುಗಳಲ್ಲಿ ಕಾಣುವ ಬಾನೆಟ್ ಕೋತಿಗಳಲ್ಲಿ ಎಫ್‌ಎಸ್‌ಎಚ್ ವಿರುದ್ಧ ಪ್ರತಿಕಾಯಗಳು ಹುಟ್ಟುವಂತೆ ಅವರು ಮಾಡಿದರು. ಗಂಡು ಕೋತಿಗಳ ಟೆಸ್ಟೊಸ್ಟೆರಾನ್ ಕುಗ್ಗಲಿಲ್ಲ. ಆದರೆ ವೀರ್ಯಾಣುಗಳು ಕುಗ್ಗಿ ಅವು ಸಂತಾನಶಕ್ತಿಯನ್ನು ಕಳೆದುಕೊಂಡವು. ಗಂಡಸಿನ ಲಕ್ಷಣಗಳೂ ಸಂತಾನಶಕ್ತಿಯೂ ಒಂದೇ ಅಲ್ಲ ಎಂಬ ಪಾಠ ಇದರಲ್ಲಿದೆ.

ಮಕ್ಕಳಾಗದ ಮನೆಯಲ್ಲಿ ಸೊಸೆಯನ್ನೇ ದೂರುವವರು ಇದನ್ನು ತಿಳಿಯಬೇಕು. ದೃಢಕಾಯನಾದ ಗಂಡಸಿನಲ್ಲಿಯೂ ವೀರ್ಯಾಣುಗಳ ಕೊರತೆ ಇರಬಹುದು. ಹೆಣ್ಣು ಮಕ್ಕಳನ್ನೇ ಹೆತ್ತಳೆಂದು ತಾಯಿಯನ್ನು ದೂರುವುದಕ್ಕೂ ವಿಜ್ಞಾನದಲ್ಲಿ ಆಧಾರವಿಲ್ಲ. ಅಂಡಾಣುವಿನಲ್ಲಿ ಎಕ್ಸ್ ವರ್ಣತಂತು ಮಾತ್ರ ಇರುತ್ತದೆ. ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು.

ತಿಂಗಳ ಚಕ್ರ

ಹೆಣ್ಣು ಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತಿಪ್ಪತ್ತು ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು ನಾಲ್ಕೈದು ನೂರು ಮಾತ್ರ.

ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಿಡಿಯೋಣ. ಎಫ್‌ಎಸ್‌ಎಚ್ ಪ್ರೇರಣೆಯಿಂದ ಅಂಡಾಶಯದಲ್ಲಿ ಕೆಲವು ಕೋಶಿಕೆಗಳು ಬೆಳೆಯುತ್ತವೆ. ಅವುಗಳಲ್ಲಿ ಒಂದು ಮುಂದಾಗುತ್ತದೆ. ಅದು ಸ್ರವಿಸುವ ಈಸ್ಟ್ರೊಜೆನ್ ಗರ್ಭಾಶಯದ ಒಳಪದರವನ್ನು ದಪ್ಪಗೊಳಿಸುತ್ತದೆ. ಸ್ವಲ್ಪ ಪ್ರಮಾಣದ ಈಸ್ಟ್ರೊಜೆನ್ ಪಿಟ್ಯುಟರಿಯನ್ನು ತಡೆಯುತ್ತದೆ, ಇದು ನಾವು ಕಂಡ ಋಣಾತ್ಮಕ ಹಿಮ್ಮಾಹಿತಿ. ಆದರೆ ಈಸ್ಟ್ರೊಜೆನ್ ಬಹಳ ಏರಿ ಎರಡು ದಿನದಷ್ಟು ಹಾಗೆಯೇ ನಿಂತರೆ ಪರಿಣಾಮ ತಲೆಕೆಳಗಾಗುತ್ತದೆ. ಪಿಟ್ಯುಟರಿ ಒಮ್ಮೆಗೇ ಎಲ್‌ಎಚ್ ಸುರಿಸುತ್ತದೆ. ಸುಮಾರು ಒಂದೂವರೆ ದಿನದಲ್ಲಿ ಅಂಡಾಣು ಹೊರಬರುತ್ತದೆ. ಅಂಡಾಣು ಒಂದು ದಿನದಷ್ಟು ಮಾತ್ರ ಜೀವಂತವಿರುತ್ತದೆ. ವೀರ್ಯಾಣು ಐದು ದಿನಗಳವರೆಗೂ ಬದುಕಬಲ್ಲುದು.

ಅಂಡಾಣು ಬಿಟ್ಟುಹೋದ ಕೋಶಿಕೆ ಹಳದಿ ಬಣ್ಣಕ್ಕೆ ತಿರುಗಿ ಪ್ರೊಜೆಸ್ಟೆರಾನ್ ಸ್ರವಿಸುತ್ತದೆ. ಗರ್ಭಾಶಯ ಮಗುವಿಗಾಗಿ ಸಿದ್ಧವಾಗಿರುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಆ ಕೋಶಿಕೆ ಬತ್ತುತ್ತದೆ. ಪ್ರೊಜೆಸ್ಟೆರಾನ್ ಇಳಿಯುತ್ತದೆ. ಆಸರೆ ತಪ್ಪಿದ ಒಳಪದರ ರಕ್ತದೊಡನೆ ಹೊರಬರುತ್ತದೆ. ಇದೇ ಮುಟ್ಟು. ಇದರಲ್ಲಿ ಮೈಲಿಗೆಯ ಮಾತೇ ಇಲ್ಲ. ಹಾರ್ಮೋನು ಇಳಿದ ಗುರುತು ಇದು, ಅಷ್ಟೇ.

ಚಕ್ರ 28 ದಿನವೇ ಇರಬೇಕೆಂದಿಲ್ಲ. ಪ್ರಾಯದವರಲ್ಲಿ 21ರಿಂದ 35 ದಿನ ಸಹಜ. ಮೊದಲ ಒಂದೆರಡು ವರ್ಷ ಹಿಂದುಮುಂದಾಗುವುದೂ ಸಹಜ. ಪರೀಕ್ಷೆಯ ಆತಂಕ, ಊಟದ ಕೊರತೆ, ಕಾಯಿಲೆ ಇವು ಹೈಪೊಥಲಾಮಸ್ಸಿನ ಮಿಡಿತವನ್ನು ಕದಲಿಸಿ ಮುಟ್ಟನ್ನು ಮುಂದೂಡಬಲ್ಲವು. 15 ವರ್ಷವಾದರೂ ಮೈನೆರೆಯದಿದ್ದರೆ, ಮೂರು ತಿಂಗಳು ಮುಟ್ಟು ನಿಂತರೆ, ವಿಪರೀತ ಸ್ರಾವವಾದರೆ ವೈದ್ಯರನ್ನು ಕಾಣಬೇಕು. ಹುಡುಗಿಯರು ಈ ಕಾರಣಕ್ಕೆ ಶಾಲೆ ತಪ್ಪಿಸಬಾರದೆಂದೇ ಕರ್ನಾಟಕದ "ಶುಚಿ" ಯೋಜನೆಯಲ್ಲಿ ಸ್ಯಾನಿಟರಿ ಪ್ಯಾಡ್ ಕೊಡುವ ಏರ್ಪಾಡು ಬಂದದ್ದು. ತರಗತಿಯ ಹುಡುಗರು ಇದನ್ನು ಗೇಲಿಯ ವಸ್ತು ಮಾಡದಿದ್ದರೆ ಆ ಯೋಜನೆಗೆ ಅರ್ಧ ಬಲ ಬಂದಂತೆ.

ಇನ್ನೊಂದು ಮಾತು. ಮೈನೆರೆದಳು ಎಂದರೆ ಹೆರಲು ಸಿದ್ಧಳಾದಳು ಎಂದಲ್ಲ. ಹಾರ್ಮೋನು ಆಜ್ಞೆ ಕೊಟ್ಟರೂ ಸೊಂಟದ ಮೂಳೆಗಳ ಬೆಳವಣಿಗೆ ಅದರ ಹಿಂದೆ ವರ್ಷಗಟ್ಟಲೆ ಉಳಿದಿರುತ್ತದೆ. ಹೆಣ್ಣಿಗೆ 18, ಗಂಡಿಗೆ 21 ಎಂಬ ಮದುವೆಯ ಕಾನೂನಿಗೆ ದೇಹವಿಜ್ಞಾನದ ಬೆಂಬಲವೂ ಇದೆ.

ಗರ್ಭ, ಹೆರಿಗೆ, ಹಾಲು

ಅಂಡನಾಳದಲ್ಲಿ ವೀರ್ಯಾಣು ಅಂಡಾಣುವನ್ನು ಕೂಡಿದರೆ ಆರೇಳು ದಿನಗಳಲ್ಲಿ ಭ್ರೂಣ ಗರ್ಭಾಶಯದ ಗೋಡೆಗೆ ನೆಡುತ್ತದೆ. ನೆಟ್ಟ ಕೂಡಲೇ ಅದು ಎಚ್‌ಸಿಜಿ ಎಂಬ ಹಾರ್ಮೋನಿನ ಮೂಲಕ ತಾಯಿಗೆ ತಾನು ಬಂದ ಸುದ್ದಿ ಕಳಿಸುತ್ತದೆ. ಹಳದಿ ಕೋಶಿಕೆ ಬತ್ತದೆ ಉಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಮೂತ್ರಪರೀಕ್ಷೆಯ ಪಟ್ಟಿ ಹುಡುಕುವುದು ಇದೇ ಹಾರ್ಮೋನನ್ನು.

ದಿನ ತುಂಬಿದಾಗ ಮಗುವಿನ ತಲೆ ಗರ್ಭಕೊರಳನ್ನು ಒತ್ತುತ್ತದೆ. ಆ ಒತ್ತಡದ ಸುದ್ದಿ ನರದ ದಾರಿಯಲ್ಲಿ ಮೆದುಳಿಗೆ ಹೋಗುತ್ತದೆ. ಉತ್ತರವಾಗಿ ಆಕ್ಸಿಟೋಸಿನ್ ರಕ್ತದ ದಾರಿಯಲ್ಲಿ ಬರುತ್ತದೆ. ಗರ್ಭಾಶಯ ಬಿಗಿಯುತ್ತದೆ, ತಲೆ ಇನ್ನಷ್ಟು ಒತ್ತುತ್ತದೆ, ಇನ್ನಷ್ಟು ಆಕ್ಸಿಟೋಸಿನ್ ಬರುತ್ತದೆ. ಇಲ್ಲಿ ಪರಿಣಾಮ ಕಾರಣವನ್ನು ಹೆಚ್ಚಿಸುತ್ತದೆ. ಮಗು ಹೊರಬಂದಾಗಲೇ ಈ ಸುತ್ತು ಮುರಿಯುವುದು. ಹೆರಿಗೆಯಾದ ಮೇಲೆ ಗರ್ಭಾಶಯ ಬಿಗಿದು ರಕ್ತಸ್ರಾವ ನಿಲ್ಲುವುದೂ ಇದೇ ಹಾರ್ಮೋನಿನಿಂದ. ಮಗು ಮೊಲೆ ಚೀಪಿದಾಗ ಹಾಲು ಇಳಿಯುವುದೂ ಇದರಿಂದಲೇ. ಹಸು ಕರೆಯುವ ಮುನ್ನ ಕರುವನ್ನು ಸ್ವಲ್ಪ ಕುಡಿಯಲು ಬಿಡುವ ನಮ್ಮ ರೈತರು ಈ ಶಾಸ್ತ್ರವನ್ನು ಹೆಸರು ತಿಳಿಯದೆಯೇ ಬಳಸುತ್ತ ಬಂದಿದ್ದಾರೆ.

ಆಕ್ಸಿಟೋಸಿನ್ನನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ದು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಂತು. ಹಾಲಿಗಾಗಿ ದನಗಳಿಗೆ ಇದನ್ನು ಚುಚ್ಚುವ ದುರುಪಯೋಗ ಬೆಳೆದಾಗ ಕೇಂದ್ರ ಸರ್ಕಾರ 2018ರಲ್ಲಿ, ದೇಶದ ಬಳಕೆಗೆ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಎಂಬ ಸಾರ್ವಜನಿಕ ಸಂಸ್ಥೆ ಮಾತ್ರ ಇದನ್ನು ತಯಾರಿಸಬೇಕೆಂದು ಆದೇಶಿಸಿತು. ಬಾಣಂತಿಯರ ಜೀವ ಉಳಿಸುವ ಔಷಧಿಗೆ ಕೊರತೆಯಾದೀತೆಂಬ ವಾದ ಎದ್ದಿತು. ದೆಹಲಿ ಹೈಕೋರ್ಟ್ ಅದೇ ವರ್ಷದ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಒಂದೇ ಹಾರ್ಮೋನು ಒಂದು ಕಡೆ ಸಂಜೀವಿನಿ, ಇನ್ನೊಂದು ಕಡೆ ಹಿಂಸೆ!

ಪಡ್ರೆಯ ಮಕ್ಕಳು ಕಲಿಸಿದ ಪಾಠ

ಕೊನೆಯದಾಗಿ ಕನ್ನಡದ ಗಡಿನಾಡು ಕಾಸರಗೋಡಿಗೆ ಹೋಗೋಣ. ಎಣ್ಮಕಜೆ ಪಂಚಾಯತಿಯ ಪಡ್ರೆಯ ಗುಡ್ಡಗಳಲ್ಲಿ ಗೇರು ತೋಟಗಳಿವೆ. ಇಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ತೋಟದ ಕೆಳಗೆ ಮನೆಗಳೂ ಕುಡಿಯುವ ನೀರಿನ ಸುರಂಗಗಳೂ ಇದ್ದವು. ಮಕ್ಕಳಲ್ಲಿ ಅಂಗವೈಕಲ್ಯ, ಅಪಸ್ಮಾರ, ಬುದ್ಧಿಮಾಂದ್ಯ ಹೆಚ್ಚಾಗಿರುವುದನ್ನು ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ನಾಡಿಗೆ ತಿಳಿಸಿದರು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಇಲ್ಲಿಯ ಶಾಲಾ ಹುಡುಗರನ್ನು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಸಿಂಪಡಣೆಯ ಪ್ರದೇಶದ 117 ಹುಡುಗರನ್ನು ಸಿಂಪಡಣೆಯಿಲ್ಲದ ಪ್ರದೇಶದ 90 ಹುಡುಗರೊಡನೆ ಹೋಲಿಸಿದರು. ಪಡ್ರೆಯ ಹುಡುಗರಲ್ಲಿ ಹರೆಯದ ಲಕ್ಷಣಗಳು ತಡವಾಗಿದ್ದವು. ವಿಷದ ಸಂಪರ್ಕವಿದ್ದವರ ರಕ್ತದಲ್ಲಿ ವಯಸ್ಸಿಗೆ ತಕ್ಕ ಟೆಸ್ಟೊಸ್ಟೆರಾನ್ ಕಡಿಮೆ, ಎಲ್‌ಎಚ್ ಹೆಚ್ಚು ಕಂಡಿತು.

ಇದರ ಅರ್ಥವೇನು? ಹಿಮ್ಮಾಹಿತಿಯ ನಿಯಮವನ್ನು ನೆನೆಯಿರಿ. ಪಿಟ್ಯುಟರಿ ಆಜ್ಞೆ ಕೊಡುತ್ತಿತ್ತು. ವೃಷಣ ಸಾಕಷ್ಟು ಉತ್ತರಿಸಲಿಲ್ಲ. ಉತ್ತರ ಬಾರದಿದ್ದಾಗ ಪಿಟ್ಯುಟರಿ ಇನ್ನಷ್ಟು ಗಟ್ಟಿಯಾಗಿ ಕೂಗಿತು. ತೊಂದರೆ ಮೆದುಳಿನ ಕಡೆಯದಲ್ಲ, ಗ್ರಂಥಿಯ ಕಡೆಯದು ಎಂಬುದನ್ನು ಈ ಎರಡು ಅಂಕಿಗಳು ಸೂಚಿಸುತ್ತವೆ. ಪಠ್ಯದಲ್ಲಿ ಬಾಣದ ಗುರುತಿನಿಂದ ಬರೆಯುವ ಚಿತ್ರ ಇಲ್ಲಿ ನಿಜವಾದ ಹುಡುಗರ ರಕ್ತದಲ್ಲಿತ್ತು. ಎಂಡೋಸಲ್ಫಾನ್ ಕೀಟಗಳನ್ನು ಕೊಲ್ಲುವುದು ನರವನ್ನು ಕೆರಳಿಸಿ. ಮನುಷ್ಯನಲ್ಲಿ ಅದು ನರದ ದಾರಿಗೂ ಹಾರ್ಮೋನಿನ ದಾರಿಗೂ ಅಡ್ಡಬರಬಲ್ಲದು.

ದಕ್ಷಿಣ ಕನ್ನಡದ ಕೊಕ್ಕಡ ಮುಂತಾದ ಊರುಗಳಲ್ಲಿಯೂ ಇಂಥ ಸಿಂಪಡಣೆಯ ಪರಿಣಾಮಗಳ ದೂರು ಎದ್ದಿತು. 2011ರಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ತೊಡೆದುಹಾಕುವ ಪಟ್ಟಿಗೆ ಸೇರಿಸಿದವು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ಅದರ ಬಳಕೆಯನ್ನು ತಡೆಯಿತು. ಆ ಊರುಗಳ ಎಷ್ಟೋ ಮನೆಗಳಲ್ಲಿ ಬೆಳೆದ ಮಕ್ಕಳನ್ನು ತಾಯಂದಿರು ಇನ್ನೂ ಎತ್ತಿಕೊಂಡೇ ಸಲಹಬೇಕಾಗಿದೆ.

ಹಚ್ಚೊಳ್ಳಿಯಲ್ಲಾಗಲಿ, ಪಡ್ರೆಯಲ್ಲಾಗಲಿ, ನಮ್ಮ ದೇಹದ ಸುದ್ದಿಗಳು ರಾಸಾಯನಿಕಗಳ ಭಾಷೆಯಲ್ಲಿಯೇ ಓಡಾಡುತ್ತವೆ. ನಾವು ಹೊಲಕ್ಕೆ ಸುರಿಯುವ ರಾಸಾಯನಿಕಗಳಿಗೂ ಆ ಭಾಷೆ ಅರ್ಥವಾಗುತ್ತದೆ. ನಿಮ್ಮ ಮನೆಯಲ್ಲಿ ಕೀಟನಾಶಕದ ಡಬ್ಬಿ ಇದ್ದರೆ ಅದರ ಮೇಲಿನ ತ್ರಿಕೋನದ ಬಣ್ಣವನ್ನೂ ಸೂಚನೆಗಳನ್ನೂ ದೊಡ್ಡವರಿಗೆ ಓದಿ ಹೇಳಿ. ಕೆಂಪು ಅತಿ ಹೆಚ್ಚಿನ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಖಾಲಿ ಡಬ್ಬಿಯಲ್ಲಿ ನೀರಾಗಲಿ ಎಣ್ಣೆಯಾಗಲಿ ತುಂಬದಂತೆ ನೋಡಿಕೊಳ್ಳಿ. ಓದಿದ ಮಕ್ಕಳು ಮನೆಗೆ ಮಾಡಬಹುದಾದ ಸೇವೆಗಳಲ್ಲಿ ಇದೂ ಒಂದು.

ಅಭ್ಯಾಸಕ್ಕೆ

1. ಮುಳ್ಳು ಚುಚ್ಚಿದಾಗ ಸುದ್ದಿ ಸಾಗುವ ದಾರಿಯನ್ನು ಚಿತ್ರ ಬರೆದು ಗುರುತಿಸಿ.
2. ಕೀಟನಾಶಕದ ವಿಷಕ್ಕೂ ನಾಗರಹಾವಿನ ವಿಷಕ್ಕೂ ಸೈನಾಪ್ಸ್‌ನಲ್ಲಿರುವ ವ್ಯತ್ಯಾಸವೇನು?
3. ಹೆರಿಗೆಯ ಸಮಯದ ಹಿಮ್ಮಾಹಿತಿ ಇನ್ಸುಲಿನ್ನಿನ ಹಿಮ್ಮಾಹಿತಿಗಿಂತ ಹೇಗೆ ಭಿನ್ನ?
4. ಒಬ್ಬ ಹುಡುಗನ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಮತ್ತು ಎಲ್‌ಎಚ್ ಎರಡೂ ಕಡಿಮೆ ಇದ್ದರೆ ತೊಂದರೆ ಎಲ್ಲಿದೆ ಎಂದು ಊಹಿಸುವಿರಿ? ಕಾರಣ ಕೊಡಿ.